ಕುಡಿತಕ್ಕೆ ಬಿದ್ದ ಅಧಿಕಾರಿಗಳು ಮತ್ತು ಖಲೀಫರ ನ್ಯಾಯ

ಅಂಗಡಿ, ಗ್ಯಾರೇಜು, ಮರದ ಮಿಲ್ಲು, ಲಾರಿ, ಕಟ್ಟಡದ ಗುತ್ತಿಗೆ. ನಮ್ಮ ಸಮುದಾಯದಲ್ಲಿ ನಾಲ್ಕು ಜನರಿಗೆ ಕೆಲಸ ಕೊಡುವವರು ಹೆಚ್ಚಾಗಿ ಇಂತಹ ಉದ್ದಿಮೆಗಳಲ್ಲಿದ್ದಾರೆ. ಇವರೆಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆಯೊಂದಿದೆ: ಕುಡಿದು ಕೆಲಸಕ್ಕೆ ಬರುವವನನ್ನು ಏನು ಮಾಡಬೇಕು? ಮದ್ರಸದಲ್ಲಿ ಕಲಿಸುವ ನಮ್ಮಂಥವರ ಮುಂದೆ ಈ ಪ್ರಶ್ನೆಯನ್ನಿಡುವವರು ಒಂದೇ ಒಂದು ಉತ್ತರವನ್ನು ನಿರೀಕ್ಷಿಸಿಯೇ ಬಂದಿರುತ್ತಾರೆ. ಮದ್ಯವು ಹರಾಮ್, ಆದುದರಿಂದ ಹೊರಗಟ್ಟಿರಿ ಎಂದು ನಾವು ಹೇಳಬೇಕು, ಅವರು ನೆಮ್ಮದಿಯಿಂದ ಹೊರಗಟ್ಟಬೇಕು. ಇನ್ನು ಕೆಲವರು ಬೇರೊಂದು ಕಾರಣಕ್ಕಾಗಿ ಬರುತ್ತಾರೆ. ಕುಡಿಯುವವನು ಕೈಕಸುಬಿನಲ್ಲಿ ನಿಪುಣ, ಅವನಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ. ಕಂಡೂ ಕಾಣದಂತಿರಲು ಶರೀಅತ್‌ನಲ್ಲಿ ದಾರಿಯಿದೆಯೇ ಎಂದು ಕೇಳುತ್ತಾರೆ.

ಈ ಪ್ರಶ್ನೆ ಹೊಸದೇನಲ್ಲ. ಪ್ರವಾದಿವರ್ಯರ(ಸ) ಕಾಲದಲ್ಲಿ ಮದೀನದ ಆಡಳಿತ ಚಿಕ್ಕದಾಗಿತ್ತು. ಖಲೀಫ ಉಮರ್(ರ)ರ ಕಾಲಕ್ಕೆ ಅದು ಇರಾಕ್, ಸಿರಿಯ, ಈಜಿಪ್ಟ್‌ಗಳ ತನಕ ಹಬ್ಬಿತು. ಸಾವಿರಾರು ಸೈನಿಕರ ಹೆಸರುಗಳನ್ನು ಬರೆದಿಟ್ಟು ಭತ್ಯೆ ನೀಡುವ ದೀವಾನ್ ಎಂಬ ದಫ್ತರು ಆರಂಭವಾಯಿತು. ರಾಜ್ಯಪಾಲರು, ಝಕಾತ್ ವಸೂಲಿಗಾರರು, ಬೊಕ್ಕಸದ ಅಧಿಕಾರಿಗಳು ಎಲ್ಲರೂ ಖಲೀಫರಿಗೆ ಉತ್ತರ ಹೇಳಬೇಕಾದ ನೌಕರರು. ಹುದ್ದೆ ನೀಡುವಾಗಲೇ ಉಮರ್(ರ) ಅವರ ಆಸ್ತಿಯನ್ನು ಬರೆಸಿಕೊಳ್ಳುತ್ತಿದ್ದರು. ದೂರು ಬಂದರೆ ಮುಹಮ್ಮದ್ ಬಿನ್ ಮಸ್ಲಮ(ರ)ರನ್ನು ತನಿಖೆಗೆ ಕಳುಹಿಸುತ್ತಿದ್ದರು. ಹಜ್ಜ್‌ನ ಸಮಯದಲ್ಲಿ ಜನರು ತಮ್ಮ ರಾಜ್ಯಪಾಲರ ವಿರುದ್ಧ ನೇರವಾಗಿ ದೂರು ಹೇಳಬಹುದಾಗಿತ್ತು. ಇಷ್ಟು ದೊಡ್ಡ ಆಡಳಿತದಲ್ಲಿ ಕುಡಿತದ ಪ್ರಕರಣಗಳು ಬಾರದೇ ಇರಲು ಸಾಧ್ಯವಿರಲಿಲ್ಲ. ಬಂದವು. ಅವುಗಳನ್ನು ನಮ್ಮ ಇತಿಹಾಸಕಾರರು ಮುಚ್ಚಿಡಲಿಲ್ಲ. ಅಪರಾಧಿಯು ಬದ್ರ್‌ನ ಯೋಧನಾಗಿದ್ದರೂ, ಖಲೀಫರ ಮಗನಾಗಿದ್ದರೂ ಅವರು ಹೆಸರು ಹಿಡಿದು ಬರೆದಿಟ್ಟಿದ್ದಾರೆ. ಈ ಪ್ರಾಮಾಣಿಕತೆಯಿಂದಾಗಿಯೇ ಇಂದು ನಾವು ಆ ಪ್ರಕರಣಗಳನ್ನು ಓದಿ ವಿಚಾರ ಮಾಡಲು ಸಾಧ್ಯವಾಗಿದೆ.

ಮದ್ಯದ ನಿಷೇಧವು ಒಂದೇ ಬಾರಿಗೆ ಬಂದುದಲ್ಲ ಎಂಬುದು ಓದುಗರಿಗೆ ತಿಳಿದದ್ದೇ. ಮೊದಲು ಅಲ್‌ಬಕರ ಅಧ್ಯಾಯದ 219ನೆಯ ಸೂಕ್ತವು ಅದರ ಕೇಡು ಪ್ರಯೋಜನಕ್ಕಿಂತ ದೊಡ್ಡದೆಂದು ತಿಳಿಸಿತು. ಬಳಿಕ ಅನ್ನಿಸಾ ಅಧ್ಯಾಯದ 43ನೆಯ ಸೂಕ್ತವು ಅಮಲಿನಲ್ಲಿ ನಮಾಝಿನ ಸಮೀಪಕ್ಕೆ ಹೋಗದಂತೆ ತಡೆಯಿತು. ದಿನಕ್ಕೆ ಐದು ಹೊತ್ತು ನಮಾಝ್ ನಿರ್ವಹಿಸುವವನಿಗೆ ಕುಡಿಯಲು ಉಳಿಯುವ ಸಮಯವೇ ಕಡಿಮೆಯಾಯಿತು. ಕೊನೆಗೆ ಅಲ್‌ಮಾಇದ ಅಧ್ಯಾಯದ 90 ಮತ್ತು 91ನೆಯ ಸೂಕ್ತಗಳು ಸಂಪೂರ್ಣ ನಿಷೇಧವನ್ನು ಸಾರಿದವು. ಆ ದಿನ ಅಬೂತಲ್‌ಹ(ರ)ರ ಮನೆಯಲ್ಲಿ ಅತಿಥಿಗಳಿಗೆ ಪಾನೀಯ ಬಡಿಸುತ್ತಿದ್ದವರು ಹುಡುಗ ಅನಸ್ ಬಿನ್ ಮಾಲಿಕ್(ರ). ಖರ್ಜೂರದಿಂದ ಮಾಡಿದ ಮದ್ಯವದು. ಘೋಷಣೆ ಕೇಳಿಬಂದೊಡನೆ ಅಬೂತಲ್‌ಹ(ರ) ಅದನ್ನು ಚೆಲ್ಲಲು ಹೇಳಿದರು, ಮದೀನದ ಬೀದಿಗಳಲ್ಲಿ ಮದ್ಯ ಹರಿಯಿತು ಎಂದು ಅನಸ್(ರ) ವರದಿ ಮಾಡಿದ್ದಾರೆ. ಅರೇಬಿಯದ ಪೂರ್ವ ಕರಾವಳಿಯಿಂದ ಬಂದ ಅಬ್ದುಲ್ ಕೈಸ್ ಗೋತ್ರದ ನಿಯೋಗಕ್ಕೆ ಪ್ರವಾದಿವರ್ಯರು(ಸ) ಸೋರೆಬುರುಡೆ, ಹಸಿರು ಬಣ್ಣದ ಮಣ್ಣಿನ ಜಾಡಿ, ಕೊರೆದ ಖರ್ಜೂರದ ದಿಮ್ಮಿ, ಡಾಂಬರು ಹಚ್ಚಿದ ಪಾತ್ರೆ ಇವುಗಳಲ್ಲಿ ಪಾನಕವನ್ನು ನೆನೆಹಾಕುವುದನ್ನೂ ವರ್ಜಿಸಿದರು. ಅವು ಮದ್ಯ ಹುಳಿಸುವ ಪಾತ್ರೆಗಳಾಗಿದ್ದವು. ಅಭ್ಯಾಸ ಕಳಚಿದ ಬಳಿಕ ಪಾತ್ರೆಗಳ ಮೇಲಿನ ನಿರ್ಬಂಧವನ್ನು ಸಡಿಲಿಸಿ, ಅಮಲೇರಿಸುವುದನ್ನು ಮಾತ್ರ ಕುಡಿಯಬೇಡಿ ಎಂದು ಅನುಮತಿಯಿತ್ತರು. ಚಟ ಬಿಡಿಸಬೇಕಾದರೆ ಅದರ ಸಲಕರಣೆಗಳನ್ನೂ ಸ್ವಲ್ಪ ಕಾಲ ಕಣ್ಣಿನಿಂದ ದೂರವಿಡಬೇಕೆಂಬ ತಿಳಿವಳಿಕೆ ಇದರಲ್ಲಿದೆ ಎಂದು ನಮಗನಿಸುತ್ತದೆ.

ಆದರೂ ಎಲ್ಲರೂ ಒಮ್ಮೆಗೇ ಬಿಡಲಿಲ್ಲ. ಅಬ್ದುಲ್ಲಾ ಎಂಬೊಬ್ಬರಿದ್ದರು. ಜನರು ಅವರನ್ನು ಹಿಮಾರ್, ಅಂದರೆ ಕತ್ತೆ ಎಂದು ಅಡ್ಡಹೆಸರಿನಿಂದ ಕರೆಯುತ್ತಿದ್ದರು. ಪ್ರವಾದಿವರ್ಯರನ್ನು(ಸ) ನಗಿಸುವ ಸ್ವಭಾವದವರು. ಕುಡಿದ ತಪ್ಪಿಗಾಗಿ ಅವರನ್ನು ಮತ್ತೆ ಮತ್ತೆ ಹಿಡಿದು ತರಲಾಗುತ್ತಿತ್ತು, ಶಿಕ್ಷೆಯೂ ಆಗುತ್ತಿತ್ತು. ಒಮ್ಮೆ ಶಿಕ್ಷೆಯಾದಾಗ ಅಲ್ಲಿದ್ದ ಒಬ್ಬರು ಬೇಸತ್ತು ಅವರನ್ನು ಶಪಿಸಿದರು. ಪ್ರವಾದಿವರ್ಯರು(ಸ) ತಡೆದರು. ಆತ ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವನೆಂದು ತಮಗೆ ತಿಳಿದಿದೆ ಎಂದು ಸಾಕ್ಷ್ಯ ನುಡಿದರು. ಇದನ್ನು ವರದಿ ಮಾಡಿದವರು ಸ್ವತಃ ಉಮರ್(ರ) ಎಂಬುದನ್ನು ಗಮನಿಸಬೇಕು. ಬುಖಾರಿಯಲ್ಲಿ ಇದು ದಾಖಲಾಗಿದೆ. ಇಂತಹದೇ ಇನ್ನೊಂದು ಸಂದರ್ಭದಲ್ಲಿ, ನಿಮ್ಮ ಸಹೋದರನ ವಿರುದ್ಧ ಶೈತಾನನಿಗೆ ನೆರವಾಗಬೇಡಿ ಎಂಬರ್ಥದ ಮಾತನ್ನು ಪ್ರವಾದಿವರ್ಯರು(ಸ) ಆಡಿದರೆಂದು ಅಬೂಹುರೈರ(ರ) ವರದಿ ಮಾಡಿದ್ದಾರೆ. ಶಿಕ್ಷೆಯನ್ನು ಅವರು ಬಿಡಲಿಲ್ಲ. ಶಿಕ್ಷೆಯಾದ ಬಳಿಕ ಅವಮಾನಿಸಲು ಬಿಡಲಿಲ್ಲ. ನಮ್ಮ ಮೊಹಲ್ಲಾಗಳಲ್ಲಿ ಇದಕ್ಕೆ ತದ್ವಿರುದ್ಧವಾದುದು ನಡೆಯುತ್ತಿದೆ. ಕುಡುಕ ಎಂಬ ಅಡ್ಡಹೆಸರು ಒಮ್ಮೆ ಅಂಟಿದರೆ ಅದು ಮಗಳ ಮದುವೆಯ ಮಾತುಕತೆಯ ತನಕ ಬೆನ್ನುಹತ್ತುತ್ತದೆ.

ಉಮರ್(ರ)ರ ಆಡಳಿತದ ಅತ್ಯಂತ ಕಠಿಣ ಪ್ರಕರಣ ಖುದಾಮ ಬಿನ್ ಮಝ್‌ಊನ್(ರ)ರದು. ಅವರು ಇಸ್ಲಾಮಿನ ಆರಂಭಕಾಲದಲ್ಲೇ ವಿಶ್ವಾಸವಿಟ್ಟವರು, ಅಬಿಸೀನಿಯಾಕ್ಕೆ ಹಿಜ್‌ರತ್ ಹೋದವರು, ಬದ್ರ್‌ನಲ್ಲಿ ಹೋರಾಡಿದವರು. ಉಮರ್(ರ)ರೊಂದಿಗೆ ಅವರಿಗೆ ಎರಡೆರಡು ಸಂಬಂಧ. ಖುದಾಮರ ಸಹೋದರಿ ಝೈನಬ್ ಉಮರ್(ರ)ರ ಪತ್ನಿ, ಹಫ್ಸ(ರ) ಮತ್ತು ಅಬ್ದುಲ್ಲಾ ಬಿನ್ ಉಮರ್(ರ)ರ ತಾಯಿ. ಉಮರ್(ರ)ರ ಸಹೋದರಿ ಸಫಿಯ್ಯ ಖುದಾಮರ ಪತ್ನಿಯರಲ್ಲೊಬ್ಬರು. ಹೀಗೆ ಖುದಾಮರು ಹಫ್ಸ(ರ)ರಿಗೆ ಸೋದರಮಾವ, ಖಲೀಫರಿಗೆ ಭಾವ. ಅವರನ್ನು ಬಹ್ರೈನಿನ ರಾಜ್ಯಪಾಲರಾಗಿ ನೇಮಿಸಲಾಗಿತ್ತು. ಅಂದಿನ ಬಹ್ರೈನ್ ಎಂದರೆ ಇಂದಿನ ದ್ವೀಪವಷ್ಟೇ ಅಲ್ಲ, ಅರೇಬಿಯದ ಪೂರ್ವ ಕರಾವಳಿಯ ವಿಸ್ತಾರವಾದ ಪ್ರದೇಶ.

ಅಲ್ಲಿಂದ ಒಬ್ಬರು ಮದೀನಕ್ಕೆ ಬಂದರು. ಅವರು ಅಬ್ದುಲ್ ಕೈಸ್ ಗೋತ್ರದ ನಾಯಕ ಜಾರೂದ್(ರ). ಹಿಂದೆ ಕ್ರೈಸ್ತರಾಗಿದ್ದು ಪ್ರವಾದಿವರ್ಯರ(ಸ) ಬಳಿಗೆ ಬಂದು ಇಸ್ಲಾಮ್ ಸ್ವೀಕರಿಸಿದವರು. ರಾಜ್ಯಪಾಲರು ಕುಡಿದರೆಂದೂ ಅಮಲೇರಿದ್ದರೆಂದೂ ಅವರು ದೂರಿದರು. ಸಾಕ್ಷಿ ಯಾರೆಂದು ಖಲೀಫರು ಕೇಳಿದಾಗ ಅಬೂಹುರೈರ(ರ)ರ ಹೆಸರು ಹೇಳಿದರು. ಅಬೂಹುರೈರ(ರ) ಬಂದು, ಕುಡಿಯುವುದನ್ನು ತಾನು ಕಂಡಿಲ್ಲ, ಅಮಲಿನಲ್ಲಿ ವಾಂತಿ ಮಾಡುತ್ತಿದ್ದುದನ್ನು ಕಂಡಿದ್ದೇನೆ ಎಂದು ತೂಕವಾಗಿ ಹೇಳಿದರು. ಖಲೀಫರು ಖುದಾಮರನ್ನು ಮದೀನಕ್ಕೆ ಕರೆಸಿದರು. ಜಾರೂದ್(ರ) ಬಿಡಲಿಲ್ಲ, ಅಲ್ಲಾಹನ ದಂಡನೆಯನ್ನು ಜಾರಿಗೊಳಿಸಿ ಎಂದು ಒತ್ತಾಯಿಸಿದರು. ನೀವು ಸಾಕ್ಷಿಯೋ ಅಥವಾ ಎದುರುವಾದಿಯೋ ಎಂದು ಉಮರ್(ರ) ಕೇಳಿದರು. ಸಾಕ್ಷಿ ಎಂದಾಗ, ಸಾಕ್ಷ್ಯ ಹೇಳಿ ಮುಗಿಯಿತಲ್ಲ ಎಂದರು. ಮರುದಿನ ಜಾರೂದ್(ರ) ಮತ್ತೆ ಬಂದರು. ಸುಮ್ಮನಿರಬೇಕು, ಇಲ್ಲವಾದರೆ ನಿಮಗೇ ತೊಂದರೆಯಾದೀತು ಎಂದು ಖಲೀಫರು ಗದರಿದರು. ಆಗ ಜಾರೂದ್(ರ) ಹೇಳಿದ ಮಾತಿನ ಸಾರಾಂಶ ಇಷ್ಟು: ಕುಡಿದವನು ನಿಮ್ಮವನು, ತೊಂದರೆ ನನಗೆ, ಇದು ನ್ಯಾಯವಲ್ಲ. ಖಲೀಫರ ಮುಖಕ್ಕೆ ಮುಖ ಕೊಟ್ಟು ಆಡಿದ ಮಾತು. ಇದಕ್ಕಾಗಿ ಅವರಿಗೆ ಯಾವ ತೊಂದರೆಯೂ ಆಗಲಿಲ್ಲ.

ಸಂದೇಹವಿದ್ದರೆ ಖುದಾಮರ ಪತ್ನಿಯನ್ನು ಕೇಳಬಹುದಲ್ಲ ಎಂದು ಅಬೂಹುರೈರ(ರ) ಸಲಹೆಯಿತ್ತರು. ವಲೀದರ ಮಗಳಾದ ಆ ಮಹಿಳೆ ಹಿಂದ್, ಗಂಡನ ವಿರುದ್ಧ ಸಾಕ್ಷ್ಯ ನುಡಿದರು. ಒಂದು ಮನೆಯೊಳಗಿನ ಕುಡಿತದ ಭಾರವನ್ನು ಮೊದಲು ಹೊರುವವಳು ಹೆಂಡತಿ ಎಂಬುದನ್ನು ಬಲ್ಲವರಿಗೆ ಈ ಸಾಕ್ಷ್ಯದ ಬೆಲೆ ಅರ್ಥವಾದೀತು. ಗಂಡನ ಹುದ್ದೆ, ಮನೆತನದ ಮಾನ, ಖಲೀಫರೊಂದಿಗಿನ ನಂಟಸ್ತಿಕೆ ಯಾವುದೂ ಆಕೆಯ ಬಾಯಿ ಕಟ್ಟಲಿಲ್ಲ.

ಖುದಾಮರ ವಾದ ವಿಚಿತ್ರವಾಗಿತ್ತು. ಅವರು ಕುರ್‌ಆನಿನ ಆಧಾರವನ್ನೇ ಮುಂದಿಟ್ಟರು. ಅಲ್‌ಮಾಇದ ಅಧ್ಯಾಯದ 93ನೆಯ ಸೂಕ್ತದಲ್ಲಿ, ವಿಶ್ವಾಸವಿರಿಸಿ ಸತ್ಕರ್ಮ ಮಾಡಿದವರು ಸೇವಿಸಿದ್ದರ ಬಗ್ಗೆ ಅವರ ಮೇಲೆ ದೋಷವಿಲ್ಲ ಎಂಬ ಆಶಯವಿದೆ. ತಾನು ಬದ್ರ್‌ನವನು, ಮುಹಾಜಿರ್. ಆದುದರಿಂದ ಈ ಸೂಕ್ತವು ತನಗೆ ಅನ್ವಯವಾಗುತ್ತದೆ ಎಂಬುದು ಅವರ ತಿಳಿವಳಿಕೆ. ವಾಸ್ತವದಲ್ಲಿ ಆ ಸೂಕ್ತವು ನಿಷೇಧಕ್ಕೆ ಮೊದಲು ಕುಡಿದು ತೀರಿಹೋದವರ ಬಗ್ಗೆ ಜನರಿಗಿದ್ದ ಕಳವಳಕ್ಕೆ ಉತ್ತರವಾಗಿ ಬಂದುದು. ನೀವು ಅರ್ಥವನ್ನು ತಪ್ಪಿದ್ದೀರಿ; ಅಲ್ಲಾಹನ ಭಯವಿದ್ದರೆ ಅವನು ನಿಷೇಧಿಸಿದ್ದನ್ನು ಬಿಡುತ್ತಿದ್ದಿರಿ ಎಂಬ ಅರ್ಥದಲ್ಲಿ ಉಮರ್(ರ) ಉತ್ತರಿಸಿದರು. ಕುಡಿಯುವವನು ತನ್ನ ಕುಡಿತಕ್ಕೆ ಕಾರಣವನ್ನು ಹುಡುಕಿಟ್ಟುಕೊಂಡಿರುತ್ತಾನೆ. ವಿದ್ಯಾವಂತನು ಇನ್ನೂ ಗಟ್ಟಿಯಾದ ಕಾರಣವನ್ನು ಹುಡುಕುತ್ತಾನೆ.

ಖುದಾಮರು ಆಗ ಅಸ್ವಸ್ಥರಾಗಿದ್ದರು. ಅಸ್ವಸ್ಥನಿಗೆ ಶಿಕ್ಷೆ ಬೇಡವೆಂದು ಜನರು ಸಲಹೆ ನೀಡಿದ್ದರಿಂದ ಕೆಲವು ದಿನ ಕಾಯಲಾಯಿತು. ಬಳಿಕ ಉಮರ್(ರ) ಇನ್ನು ತಡಮಾಡಲು ಒಪ್ಪಲಿಲ್ಲ. ಅವರ ಸೇವಕ ಅಸ್ಲಮ್ ತೆಳುವಾದ ಚಿಕ್ಕ ಚಾಟಿಯೊಂದನ್ನು ತಂದರು. ಮನೆಯವರ ಮೇಲಿನ ಮಮತೆ ನಿನ್ನನ್ನು ಹಿಡಿದುಬಿಟ್ಟಿತು ಎಂದು ಖಲೀಫರು ಆಕ್ಷೇಪಿಸಿ ಬೇರೆಯದನ್ನು ತರಿಸಿದರು. ಶಿಕ್ಷೆಯಾಯಿತು. ಹುದ್ದೆಯೂ ಹೋಯಿತು.

ಸಾಮಾನ್ಯವಾಗಿ ಉಪನ್ಯಾಸಕಾರರು ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಉಮರ್(ರ)ರ ನ್ಯಾಯನಿಷ್ಠೆಯನ್ನು ಕೊಂಡಾಡುತ್ತಾರೆ. ಇದರ ಉತ್ತರಾರ್ಧ ನಮಗೆ ಅಷ್ಟೇ ಮುಖ್ಯವೆನಿಸುತ್ತದೆ. ಖುದಾಮರು ಮಾತು ಬಿಟ್ಟರು. ಇಬ್ಬರೂ ಹಜ್ಜ್ ನಿರ್ವಹಿಸಿದರು, ಮಾತಿಲ್ಲ. ಹಿಂದಿರುಗುವ ದಾರಿಯಲ್ಲಿ ಸುಕ್ಯಾ ಎಂಬಲ್ಲಿ ತಂಗಿದ್ದಾಗ ಉಮರ್(ರ) ನಿದ್ದೆಯಿಂದ ಎದ್ದವರೇ ಖುದಾಮರನ್ನು ಬೇಗ ಕರೆತರುವಂತೆ ಹೇಳಿದರು. ಆತ ನಿನ್ನ ಸಹೋದರ, ರಾಜಿಯಾಗು ಎಂದು ಕನಸಿನಲ್ಲಿ ಯಾರೋ ಹೇಳಿದ್ದರಂತೆ. ಖುದಾಮರು ಬರಲೊಪ್ಪಲಿಲ್ಲ. ಎಳೆದಾದರೂ ತನ್ನಿ ಎಂದು ಖಲೀಫರು ಹಟ ಹಿಡಿದರು. ಬಂದ ಮೇಲೆ ಅವರೊಂದಿಗೆ ಮಾತನಾಡಿ, ಅವರಿಗಾಗಿ ಅಲ್ಲಾಹನಲ್ಲಿ ಕ್ಷಮೆ ಬೇಡಿದರು. ಹುದ್ದೆ ಮರಳಿ ಸಿಕ್ಕಿತೆಂದು ಎಲ್ಲಿಯೂ ಬರೆದಿಲ್ಲ. ಸಂಬಂಧ ಮಾತ್ರ ಮರಳಿತು. ಹುದ್ದೆಯಿಂದ ತೆಗೆಯುವುದು ಬೇರೆ, ಬದುಕಿನಿಂದಲೇ ತೆಗೆದುಹಾಕುವುದು ಬೇರೆ ಎಂಬ ವ್ಯತ್ಯಾಸವನ್ನು ನಮ್ಮ ಜಮಾಅತ್‌ಗಳು ಮರೆತಿವೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಮೇಲಿನ ಶಿಕ್ಷೆಗಳೆಲ್ಲವೂ ಆಡಳಿತದ ನ್ಯಾಯಪೀಠವು ಸಾಕ್ಷಿ ವಿಚಾರಣೆಯ ಬಳಿಕ ಜಾರಿಗೊಳಿಸಿದವುಗಳು. ಏಟುಗಳ ಸಂಖ್ಯೆಯಲ್ಲಿಯೂ ಇಮಾಮರಲ್ಲಿ ಭಿನ್ನಾಭಿಪ್ರಾಯವಿದೆ. ನಮ್ಮ ಕರಾವಳಿಯ ಬ್ಯಾರಿಗಳು ಮತ್ತು ನವಾಯತರು ಅನುಸರಿಸುವ ಶಾಫಿಈ ಮದ್ಹಬ್‌ನಲ್ಲಿ ಅದು 40. ಒಳನಾಡಿನ ಹೆಚ್ಚಿನವರು ಅನುಸರಿಸುವ ಹನಫಿ ಮದ್ಹಬ್‌ನಲ್ಲಿ 80. ಆದರೆ ಅಂಗಡಿಯ ಯಜಮಾನನಿಗಾಗಲಿ, ಮಸೀದಿಯ ಕಮಿಟಿಗಾಗಲಿ, ಬೀದಿಯ ಯುವಕರಿಗಾಗಲಿ ಒಂದೇ ಒಂದು ಏಟು ಹೊಡೆಯುವ ಅಧಿಕಾರವನ್ನು ಯಾವ ಮದ್ಹಬ್ ಕೂಡ ನೀಡಿಲ್ಲ. ಕುಡಿದವನನ್ನು ಕಂಬಕ್ಕೆ ಕಟ್ಟಿ ಥಳಿಸಿ, ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಹಂಚುವವರು ದೇಶದ ಕಾನೂನಿನ ಮುಂದೆಯೂ ಅಪರಾಧಿಗಳು, ಶರೀಅತ್‌ನ ಮುಂದೆಯೂ ಅಪರಾಧಿಗಳು.

ಕದ್ದು ನೋಡುವುದಕ್ಕೂ ಅನುಮತಿಯಿಲ್ಲ. ಸಕೀಫ್ ಗೋತ್ರದ ಅಬೂಮಿಹ್‌ಜನ್ ಎಂಬ ಕವಿ ತಮ್ಮ ಮನೆಯಲ್ಲಿ ಗೆಳೆಯರೊಂದಿಗೆ ಕುಡಿಯುತ್ತಿದ್ದಾರೆಂಬ ಸುದ್ದಿ ಕೇಳಿ ಉಮರ್(ರ) ಅವರ ಮನೆಯೊಳಕ್ಕೆ ಹೋದ ವರದಿಯೊಂದಿದೆ. ನಿಮಗೆ ಇದು ಸಮ್ಮತವಲ್ಲ, ಗೂಢಚರ್ಯೆಯನ್ನು ಅಲ್ಲಾಹನು ನಿಷೇಧಿಸಿದ್ದಾನೆ ಎಂದು ಅಬೂಮಿಹ್‌ಜನ್ ತಿರುಗಿ ಹೇಳಿದರು. ಜೊತೆಗಿದ್ದವರನ್ನು ಖಲೀಫರು ವಿಚಾರಿಸಿದಾಗ, ಆತ ಹೇಳುತ್ತಿರುವುದು ಸರಿಯೆಂದು ಅವರೂ ನುಡಿದರು. ಉಮರ್(ರ) ಹೊರಟುಹೋದರು. ಗಡ್ಡದಿಂದ ಮದ್ಯ ತೊಟ್ಟಿಕ್ಕುತ್ತಿದೆ ಎಂದು ಒಬ್ಬನ ಬಗ್ಗೆ ಜನರು ದೂರು ತಂದಾಗ ಅಬ್ದುಲ್ಲಾ ಬಿನ್ ಮಸ್‌ಊದ್(ರ), ಕೆದಕಿ ನೋಡುವುದು ನಮಗೆ ನಿಷಿದ್ಧ, ಕಣ್ಣೆದುರು ಪ್ರಕಟವಾದುದರ ಮೇಲೆ ಮಾತ್ರ ಕ್ರಮ ಎಂಬ ನಿಲುವು ತಳೆದರು. ಕೆಲಸಗಾರನು ರಾತ್ರಿ ಎಲ್ಲಿಗೆ ಹೋಗುತ್ತಾನೆಂದು ಆಳು ಬಿಟ್ಟು ಕಾಯುವ ಯಜಮಾನರಿಗೆ ಇದನ್ನು ತಿಳಿಸಬೇಕಾಗಿದೆ. ಅವನು ಬೆಳಿಗ್ಗೆ ಯಂತ್ರದ ಮುಂದೆ ನಿಂತಾಗ ಕೈ ನಡುಗುತ್ತಿದೆಯೇ, ಬಾಯಿ ವಾಸನೆ ಬರುತ್ತಿದೆಯೇ, ಲೆಕ್ಕ ತಪ್ಪುತ್ತಿದೆಯೇ ಎಂಬುದು ಯಜಮಾನನಿಗೆ ಸೇರಿದ ವಿಷಯ.

ನುಅ್‌ಮಾನ್ ಬಿನ್ ಅದಿಯ್ಯ್(ರ)ರ ಪ್ರಕರಣ ಚಿಕ್ಕದು. ಉಮರ್(ರ) ತಮ್ಮ ಸ್ವಂತ ಗೋತ್ರದಿಂದ ಹುದ್ದೆಗೆ ನೇಮಿಸಿದ್ದು ಇವರೊಬ್ಬರನ್ನೇ ಎನ್ನಲಾಗಿದೆ. ಇರಾಕ್‌ನ ಮೈಸಾನಿಗೆ ಅಧಿಕಾರಿಯಾಗಿ ಹೋದರು. ಪತ್ನಿ ಜೊತೆಗೆ ಹೋಗಲೊಪ್ಪಲಿಲ್ಲ. ಅವರು ಅಲ್ಲಿಂದ ಪಾನಗೋಷ್ಠಿಯನ್ನು ವರ್ಣಿಸುವ ಕವಿತೆ ಬರೆದರು. ಕವಿತೆ ಮದೀನಕ್ಕೆ ತಲಪಿತು. ಹಿಂದೆಯೇ ವಜಾ ಆದೇಶವೂ ಮೈಸಾನಿಗೆ ತಲಪಿತು. ತಾನು ಕುಡಿದೇ ಇಲ್ಲ, ಅದು ಬರೇ ಕವಿಯ ಮಾತು ಎಂದು ನುಅ್‌ಮಾನ್(ರ) ಹೇಳಿಕೊಂಡರು. ನಾನೂ ಹಾಗೆಯೇ ಭಾವಿಸುತ್ತೇನೆ, ಆದರೂ ಇನ್ನು ನೀವು ನನ್ನ ಕೈಕೆಳಗೆ ಅಧಿಕಾರ ನಡೆಸುವಂತಿಲ್ಲ ಎಂಬುದು ಖಲೀಫರ ತೀರ್ಪಾಗಿತ್ತು. ಇಲ್ಲಿ ಶಿಕ್ಷೆಯಿಲ್ಲ, ಏಕೆಂದರೆ ಅಪರಾಧ ಸಾಬೀತಾಗಿಲ್ಲ. ಹುದ್ದೆ ಮಾತ್ರ ಇಲ್ಲ. ಜನರು ನಂಬಿ ತಲೆಬಾಗಬೇಕಾದ ಸ್ಥಾನಕ್ಕೆ ಹೆಚ್ಚಿನ ಅಳತೆಗೋಲು ಬೇಕು.

ಖಲೀಫರ ಮಗ ಅಬ್ದುರ್ರಹ್ಮಾನ್, ಅಬೂಶಹ್‌ಮ ಎಂದು ಪ್ರಸಿದ್ಧ, ಈಜಿಪ್ಟಿನಲ್ಲಿದ್ದಾಗ ಜೊತೆಗಾರನೊಂದಿಗೆ ಅಮಲೇರಿಸುವ ಪಾನೀಯವೊಂದನ್ನು ಕುಡಿದರು. ಅಮಲಿಳಿದ ಬಳಿಕ ಇಬ್ಬರೂ ತಾವಾಗಿ ರಾಜ್ಯಪಾಲ ಅಮ್ರ್ ಬಿನ್ ಆಸ್(ರ)ರ ಬಳಿಗೆ ಹೋಗಿ ಶಿಕ್ಷೆ ಕೇಳಿದರು. ಅಮ್ರ್(ರ) ಶಿಕ್ಷಿಸಿದರು, ಆದರೆ ಬಹಿರಂಗವಾಗಿ ಅಲ್ಲ, ತಮ್ಮ ಮನೆಯ ಅಂಗಳದಲ್ಲಿ. ಉಮರ್(ರ)ರಿಗೆ ಸುದ್ದಿ ತಿಳಿಯಿತು. ಇತರರಿಗೆ ಮಾಡದ ರಿಯಾಯಿತಿ ಖಲೀಫರ ಮಗನಿಗೇಕೆ? ಮಗನನ್ನು ಮದೀನಕ್ಕೆ ಕರೆಸಿ ಮತ್ತೆ ದಂಡಿಸಿದರು. ನಮ್ಮ ಕಡೆಯ ರಾತ್ರಿ ಪ್ರವಚನಗಳಲ್ಲಿ ಈ ಕಥೆ ಬೇರೆ ರೂಪ ಪಡೆದಿದೆ. ಮಗ ಏಟು ತಿನ್ನುತ್ತಲೇ ನೀರು ಬೇಡಿ ಪ್ರಾಣ ಬಿಟ್ಟನೆಂದೂ, ಸತ್ತ ದೇಹಕ್ಕೂ ಉಳಿದ ಏಟುಗಳನ್ನು ಹೊಡೆಯಲಾಯಿತೆಂದೂ ಸಭಿಕರು ಅಳುವಂತೆ ವರ್ಣಿಸುವುದುಂಟು. ಇಬ್ನುಲ್ ಜೌಝಿಯಂತಹ ವಿದ್ವಾಂಸರು ಇಂತಹ ಬಣ್ಣದ ಕಥೆಗಳನ್ನು ತಳ್ಳಿಹಾಕಿದ್ದಾರೆ. ಮಗನು ಬಳಿಕ ಒಂದು ತಿಂಗಳು ಆರೋಗ್ಯದಿಂದಿದ್ದು ಆಮೇಲೆ ತೀರಿಕೊಂಡರು, ಏಟಿನಿಂದ ಸತ್ತರೆಂದು ಜನರು ಭಾವಿಸಿದರೂ ಅದು ನಿಜವಲ್ಲ ಎಂದು ಸಹೋದರ ಅಬ್ದುಲ್ಲಾ ಬಿನ್ ಉಮರ್(ರ)ರಿಂದ ಬಂದ ವರದಿ ತಿಳಿಸುತ್ತದೆ. ಯಜಮಾನನ ಮಗನಿಗೂ ಕೂಲಿಯಾಳಿಗೂ ಒಂದೇ ನಿಯಮ ಎಂಬುದಷ್ಟೇ ಇಲ್ಲಿನ ಸತ್ಯ. ಕಣ್ಣೀರು ಬರಿಸಲು ಅದಕ್ಕೆ ಸುಳ್ಳಿನ ಸೇರ್ಪಡೆ ಬೇಕಾಗಿಲ್ಲ.

ಈ ನಿಯಮ ಉಸ್ಮಾನ್(ರ)ರ ಕಾಲದಲ್ಲಿ ಮತ್ತೆ ಪರೀಕ್ಷೆಗೊಳಗಾಯಿತು. ಕೂಫಾದ ರಾಜ್ಯಪಾಲ ವಲೀದ್ ಬಿನ್ ಉಕ್ಬ, ಖಲೀಫರಿಗೆ ತಾಯಿಯ ಕಡೆಯಿಂದ ಸಹೋದರ. ಒಂದು ದಿನ ಫಜ್ರ್ ನಮಾಝಿಗೆ ಇಮಾಮತ್ ಮಾಡಿ, ಎರಡು ರಕಅತ್ ಮುಗಿದ ಮೇಲೆ ಹಿಂತಿರುಗಿ, ಇನ್ನೂ ಹೆಚ್ಚಿಸಲೇ ಎಂದು ಕೇಳಿದರಂತೆ. ಕುಡಿದದ್ದನ್ನು ಕಂಡೆನೆಂದು ಒಬ್ಬ ಸಾಕ್ಷಿ, ವಾಂತಿ ಮಾಡಿದ್ದನ್ನು ಕಂಡೆನೆಂದು ಇನ್ನೊಬ್ಬ. ಕುಡಿಯದೆ ಅದನ್ನು ವಾಂತಿ ಮಾಡಲು ಹೇಗೆ ಸಾಧ್ಯ ಎಂದು ಉಸ್ಮಾನ್(ರ) ತೀರ್ಮಾನಿಸಿದರು. ಅಲಿ(ರ) ಏಟುಗಳನ್ನು ಎಣಿಸಿ 40ಕ್ಕೆ ನಿಲ್ಲಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಸಾಕ್ಷಿಗಳಿಗೆ ವಲೀದರ ಮೇಲೆ ಹಗೆಯಿತ್ತೆಂದು ವಾದಿಸುವ ಇತಿಹಾಸಕಾರರೂ ಇದ್ದಾರೆ. ಏನೇ ಇರಲಿ, ವಲೀದರ ಸ್ಥಾನಕ್ಕೆ ಸಈದ್ ಬಿನ್ ಆಸ್(ರ) ಬಂದರು. ಇದೇ ವಲೀದರು ಹಿಂದೆ ರೋಮನರ ನಾಡಿನಲ್ಲಿ ಸೇನೆಯನ್ನು ಮುನ್ನಡೆಸುತ್ತಿದ್ದಾಗಲೂ ಕುಡಿದಿದ್ದರು. ಸೈನಿಕರು ಅಲ್ಲಿಯೇ ಶಿಕ್ಷಿಸಲು ಹೊರಟಾಗ ಹುಝೈಫ(ರ) ತಡೆದರು. ಶತ್ರು ಹತ್ತಿರದಲ್ಲಿರುವಾಗ ಸೇನಾನಾಯಕನನ್ನು ಹೊಡೆದರೆ ಅವರಿಗೆ ಧೈರ್ಯ ಬರುತ್ತದೆ ಎಂಬುದು ಅವರ ಕಾರಣ. ಕ್ರಮ ಕೈಗೊಳ್ಳುವುದಕ್ಕೂ ಹೊತ್ತು ಗೊತ್ತು ಇದೆ.

ಇನ್ನು ಅಬೂಮಿಹ್‌ಜನ್. ಕುಡಿತಕ್ಕಾಗಿ ಹಲವು ಬಾರಿ ಶಿಕ್ಷೆ ಅನುಭವಿಸಿದ್ದ ಇವರನ್ನು ಕಾದಿಸಿಯ್ಯದ ಯುದ್ಧದ ವೇಳೆ ಸೇನಾಪತಿ ಸಅದ್ ಬಿನ್ ಅಬೀವಕ್ಕಾಸ್(ರ) ಕೋಟೆಯಲ್ಲಿ ಸರಪಳಿ ಹಾಕಿ ಇರಿಸಿದ್ದರು. ಆಗ ಕುಡಿದದ್ದಕ್ಕಾಗಿ ಅಲ್ಲ, ಮದ್ಯದ ಕವಿತೆ ಹಾಡಿದ್ದಕ್ಕಾಗಿ ಬಂಧಿಸಲಾಗಿತ್ತು ಎಂಬ ವರದಿಯೂ ಇದೆ. ಸಅದ್(ರ)ರೂ ಕಾಯಿಲೆಯಿಂದ ಕುದುರೆ ಏರಲಾಗದೆ ಕೋಟೆಯ ಮೇಲಿನಿಂದಲೇ ಯುದ್ಧವನ್ನು ನೋಡಿಕೊಳ್ಳುತ್ತಿದ್ದರು. ಕೆಳಗೆ ಪಾರಸಿಕರ ಆನೆಗಳು, ಧೂಳು, ಕೂಗು. ಬಂಧಿತ ಕವಿಗೆ ತಡೆದುಕೊಳ್ಳಲಾಗಲಿಲ್ಲ. ಸಅದ್(ರ)ರ ಪತ್ನಿ ಸಲ್ಮಾರನ್ನು ಬೇಡಿದರು: ಸರಪಳಿ ಬಿಚ್ಚಿ, ಬಲ್ಕಾ ಎಂಬ ಸೇನಾಪತಿಯ ಕುದುರೆಯನ್ನು ಕೊಡಿ, ಬದುಕಿ ಉಳಿದರೆ ಹಿಂತಿರುಗಿ ಸರಪಳಿಗೆ ನಾನೇ ಕಾಲು ಕೊಡುತ್ತೇನೆ. ಸಲ್ಮಾ ಮೊದಲು ನಿರಾಕರಿಸಿದರು, ಬಳಿಕ ಮನ ಕರಗಿ ಬಿಡಿಸಿದರು. ಕೆಲವು ವರದಿಗಳಲ್ಲಿ ಬಿಡಿಸಿದವರು ಸಅದ್(ರ)ರ ಮನೆಯ ಬೇರೊಬ್ಬ ಮಹಿಳೆ. ಮುಖ ಮರೆಸಿಕೊಂಡು ಶತ್ರುಗಳ ಮೇಲೆ ನುಗ್ಗುತ್ತಿದ್ದ ಸವಾರನನ್ನು ಕಂಡು ಸೈನಿಕರು ಬೆರಗಾದರು. ಕುದುರೆ ಬಲ್ಕಾಳಂತಿದೆ, ಹೋರಾಟ ಅಬೂಮಿಹ್‌ಜನ್‌ನಂತಿದೆ, ಆದರೆ ಆತ ಸರಪಳಿಯಲ್ಲಿದ್ದಾನಲ್ಲ ಎಂದು ಸಅದ್(ರ) ಗೊಂದಲಗೊಂಡರು. ಸಂಜೆ ಅಬೂಮಿಹ್‌ಜನ್ ಹಿಂತಿರುಗಿ ಬಂದು ಮಾತಿನಂತೆ ಕಾಲನ್ನು ಸರಪಳಿಗೆ ಒಪ್ಪಿಸಿದರು.

ವಿಷಯ ತಿಳಿದ ಸಅದ್(ರ) ಅವರನ್ನು ಬಿಡುಗಡೆಗೊಳಿಸಿ, ಇನ್ನು ಮದ್ಯದ ಕಾರಣಕ್ಕೆ ನಿಮ್ಮನ್ನು ದಂಡಿಸುವುದಿಲ್ಲ ಎಂದರು. ಅದಕ್ಕೆ ಅಬೂಮಿಹ್‌ಜನ್ ಕೊಟ್ಟ ಉತ್ತರ ಯಾರೂ ಊಹಿಸದಂತಹದು. ಶಿಕ್ಷೆಯಾಗುತ್ತಿದ್ದಾಗ ಅದರಿಂದ ಪಾಪ ತೊಳೆದುಹೋಗುತ್ತದೆಂಬ ಭರವಸೆಯಲ್ಲಿ ಕುಡಿಯುತ್ತಿದ್ದೆ. ಈಗ ನೀವೇ ಬಿಟ್ಟುಕೊಟ್ಟ ಮೇಲೆ ಇನ್ನು ಕುಡಿಯುವುದಿಲ್ಲ ಎಂದರು. ಹಲವು ಬಾರಿಯ ಏಟುಗಳಿಂದ ಆಗದ ಕೆಲಸ ನಂಬಿಕೆಯ ಒಂದು ಮಾತಿನಿಂದ ಆಯಿತು.

ನಿಪುಣನಾದವನ ಕುಡಿತವನ್ನು ಸಹಿಸಿಕೊಳ್ಳಲು ಈ ಕಥೆಯನ್ನು ಆಧಾರವಾಗಿ ಹೇಳುವವರನ್ನು ನಾವು ಕಂಡಿದ್ದೇವೆ. ಕಥೆ ಹಾಗೆ ಹೇಳುವುದಿಲ್ಲ. ಸಅದ್(ರ) ಅವರ ಶೌರ್ಯವನ್ನು ಬಲ್ಲವರಾಗಿದ್ದೂ ಯುದ್ಧದ ಅತಿ ಕಷ್ಟದ ದಿನದಂದು ಅವರನ್ನು ಕಣದಿಂದ ಹೊರಗಿಟ್ಟಿದ್ದರು. ಲಾರಿಯ ಚಾಲಕ, ಗರಗಸದ ಮುಂದೆ ನಿಂತವನು, ಎತ್ತರದಲ್ಲಿ ಸಾರುವೆಯ ಮೇಲೆ ನಡೆಯುವವನು ಕುಡಿದಿದ್ದರೆ ಆ ದಿನ ಅವನನ್ನು ಕೆಲಸಕ್ಕೆ ಹಚ್ಚಲೇಬಾರದು, ನಷ್ಟವಾದರೆ ಆಗಲಿ. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ತಾರಸಿಯ ಸ್ಲ್ಯಾಬ್ ಹಾಕುವ ದಿನ ಕೂಲಿಯವರ ಮದ್ಯಕ್ಕೆಂದು ಹಣ ಕೊಡುವ ರೂಢಿ ಗುತ್ತಿಗೆದಾರರಲ್ಲಿದೆ. ನಮ್ಮವರೂ ಕೆಲವರು, ಕುಡಿಯುವವರು ನಾವಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡು ಕೊಡುತ್ತಾರೆ. ಮದ್ಯದ ವಿಷಯದಲ್ಲಿ ಶಾಪಕ್ಕೆ ಗುರಿಯಾದ ಹತ್ತು ಮಂದಿಯನ್ನು ಎಣಿಸುವ ಹದೀಸಿನಲ್ಲಿ ಕುಡಿಯುವವನ ಜೊತೆಗೆ ಕುಡಿಸುವವನೂ, ಹೊತ್ತು ತರುವವನೂ, ಯಾರಿಗಾಗಿ ಕೊಳ್ಳಲಾಯಿತೋ ಅವನೂ ಇದ್ದಾನೆ. ಸೋಮವಾರ ಕೂಲಿಯಾಳು ಕೆಲಸಕ್ಕೆ ಬರಲಿಲ್ಲವೆಂದು ದೂರುವ ಯಜಮಾನನು ಶನಿವಾರ ತಾನೇ ಕೊಟ್ಟ ಹಣವನ್ನು ನೆನಪಿಸಿಕೊಳ್ಳಲಿ.

ಕುಡಿತವು ಪಾಪವಾಗಿರುವಂತೆಯೇ ಅನೇಕರಲ್ಲಿ ರೋಗವೂ ಆಗಿರುತ್ತದೆ. ಹಲವು ವರ್ಷ ವಿಪರೀತ ಕುಡಿದವನು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರುವುದು, ಇಲ್ಲದ್ದು ಕಾಣುವುದು, ಕೆಲವೊಮ್ಮೆ ಪ್ರಾಣಕ್ಕೇ ಅಪಾಯವಾಗುವುದು ಉಂಟು. ಆದುದರಿಂದ ಒಳ್ಳೆಯ ಉದ್ದೇಶದಿಂದಲೇ ಆದರೂ ಅಂತಹವನನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೊರಡುವುದು ತಪ್ಪು. ವೈದ್ಯರ ಕಣ್ಗಾವಲಿನಲ್ಲಿ ಆಗಬೇಕಾದ ಕೆಲಸವದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಕೆಲಸದ ಸ್ಥಳದಲ್ಲಿನ ಮದ್ಯ ಹಾಗೂ ಮಾದಕ ದ್ರವ್ಯಗಳ ಸಮಸ್ಯೆಯ ಕುರಿತು 1996ರಲ್ಲಿ ಪ್ರಕಟಿಸಿದ ಸಂಹಿತೆಯೂ ಇದನ್ನು ಇತರ ಆರೋಗ್ಯ ಸಮಸ್ಯೆಗಳಂತೆಯೇ ಕಾಣಬೇಕು, ಕಾರ್ಮಿಕನ ಗುಟ್ಟನ್ನು ಕಾಪಾಡಬೇಕು, ಚಿಕಿತ್ಸೆಗೆ ಮುಂದಾದವನಿಗೆ ಉದ್ಯೋಗದ ಭದ್ರತೆ ಇರಬೇಕು ಎನ್ನುತ್ತದೆ. ತಪ್ಪಿಗೆ ಕ್ರಮ ಕೈಗೊಳ್ಳುವ ಯಜಮಾನನ ಅಧಿಕಾರವನ್ನೂ ಒಪ್ಪುತ್ತದೆ. ಹಿಮಾರ್ ಅಬ್ದುಲ್ಲಾರ ಹದೀಸನ್ನು ಓದಿದವರಿಗೆ ಇದು ಅಪರಿಚಿತವೆನಿಸದು. ದುಡಿದ ದಿನಗಳ ಕೂಲಿಯನ್ನು ಮಾತ್ರ ಯಾವ ಕಾರಣಕ್ಕೂ ತಡೆಹಿಡಿಯುವಂತಿಲ್ಲ. ಕುಡಿದು ಹಾಳುಮಾಡುತ್ತಾನೆಂಬ ನೆಪದಲ್ಲಿ ಕೂಲಿ ಉಳಿಸಿಕೊಳ್ಳುವವರು ಅದು ಯಾರ ಹಕ್ಕೆಂದು ಯೋಚಿಸಬೇಕು. ಅವನೇ ಒಪ್ಪಿದರೆ ಮನೆಯವರ ಕೈಗೆ ತಲಪಿಸಬಹುದು.

ಉಮರ್(ರ)ರ ಆಡಳಿತದಿಂದ ಇನ್ನೊಂದು ಘಟನೆ ಉಳಿದಿದೆ. ಸಿರಿಯದ ಒಬ್ಬ ಬಲಶಾಲಿ ವ್ಯಕ್ತಿ ಆಗಾಗ ಖಲೀಫರನ್ನು ಕಾಣಲು ಬರುತ್ತಿದ್ದ. ಕೆಲವು ಕಾಲ ಅವನು ಕಾಣಿಸಲಿಲ್ಲ. ಖಲೀಫರು ವಿಚಾರಿಸಿದಾಗ ಅವನು ಕುಡಿತಕ್ಕೆ ಬಿದ್ದಿದ್ದಾನೆಂಬ ಉತ್ತರ ಬಂತು. ಉಮರ್(ರ) ಬರಹಗಾರನನ್ನು ಕರೆಸಿದರು. ಪತ್ರದಲ್ಲಿ ಸಲಾಮ್ ಹೇಳಿ, ಗಾಫಿರ್ ಅಧ್ಯಾಯದ ಆರಂಭದ ಸೂಕ್ತಗಳನ್ನು ಬರೆಸಿದರು. ಅಲ್ಲಾಹನು ಪಾಪವನ್ನು ಕ್ಷಮಿಸುವವನೆಂದೂ ಪಶ್ಚಾತ್ತಾಪವನ್ನು ಸ್ವೀಕರಿಸುವವನೆಂದೂ, ಜೊತೆಗೆ ಕಠಿಣವಾಗಿ ಶಿಕ್ಷಿಸುವವನೆಂದೂ ಆ ಸೂಕ್ತಗಳು ಹೇಳುತ್ತವೆ. ಬೈಗುಳ ಒಂದೂ ಇರಲಿಲ್ಲ. ಬಳಿಯಲ್ಲಿದ್ದವರೊಂದಿಗೆ ಅವನಿಗಾಗಿ ಪ್ರಾರ್ಥಿಸಲು ಕೇಳಿಕೊಂಡರು. ಆ ವ್ಯಕ್ತಿ ಪತ್ರವನ್ನು ಮತ್ತೆ ಮತ್ತೆ ಓದಿದ, ಅತ್ತ, ಕುಡಿತ ಬಿಟ್ಟ. ಸುದ್ದಿ ಮದೀನಕ್ಕೆ ಬಂದಾಗ, ಜಾರಿ ಬಿದ್ದ ಸಹೋದರನೊಂದಿಗೆ ಹೀಗೆಯೇ ನಡೆದುಕೊಳ್ಳಬೇಕೆಂದು ಉಮರ್(ರ) ತಮ್ಮವರಿಗೆ ಹೇಳಿದರು. ಕೆಲವು ತಫ್ಸೀರ್ ಗ್ರಂಥಗಳಲ್ಲಿ ಮತ್ತೊಂದು ವಿವರವಿದೆ. ಪತ್ರವನ್ನು ದೂತನ ಕೈಗೆ ಕೊಡುವಾಗ ಖಲೀಫರು ಅವನಿಗೊಂದು ಸೂಚನೆ ನೀಡಿದ್ದರು: ಆತ ಅಮಲಿನಲ್ಲಿರುವಾಗ ಕೊಡಬೇಡ, ಎಚ್ಚರಾಗುವ ತನಕ ಕ‌ಾದು ಕೊಡು.